ಕ್ಲೌನ್ ಮೀನಿನ ಜೋಡಿಯಲ್ಲಿ ಹೆಣ್ಣು ಸತ್ತಿದೆ. ಉಳಿದ ಗಂಡೇ ಹೆಣ್ಣಾಗುತ್ತದಂತೆ, ಹೌದಾ? ಹಾರ್ಮೋನಿಗೆ ಇದನ್ನು ಯಾರು ಹೇಳುತ್ತಾರೆ?

ಮೂರಡಿ ಸಮುದ್ರ (ಮೈಸೂರು):

ಎಲ್ಲರಿಗೂ ನಮಸ್ಕಾರ. ನಮ್ಮ ನಡುಮನೆಯಲ್ಲಿ ಮೂರಡಿ ಉದ್ದದ ಉಪ್ಪುನೀರಿನ ತೊಟ್ಟಿ ಇದೆ. ಅದರಲ್ಲಿ ನಾಲ್ಕು ವರ್ಷದಿಂದ ಎರಡು ಕ್ಲೌನ್ ಮೀನು. ಕಿತ್ತಳೆ ಮೈ, ಮೂರು ಬಿಳಿ ಪಟ್ಟೆ, ಅಂಗಡಿಯಲ್ಲಿ ಸಿಗುವ ಮಾಮೂಲಿ ಒಸೆಲ್ಲಾರಿಸ್. ದೊಡ್ಡದು ಹೆಣ್ಣು, ಚಿಕ್ಕದು ಗಂಡು. ಮಗಳು ಇಟ್ಟ ಹೆಸರು ಯಜಮಾನಿ ಮತ್ತು ಪುಟ್ಟಸ್ವಾಮಿ. ಯಜಮಾನಿಯ ಊಟ ಮುಗಿಯುವವರೆಗೆ ಪುಟ್ಟಸ್ವಾಮಿ ಮುಂದೆ ಬರುತ್ತಲೇ ಇರಲಿಲ್ಲ. ಬಂದರೆ ಕಚ್ಚಿಸಿಕೊಳ್ಳುತ್ತಿದ್ದ.

ಎರಡು ವಾರದ ಹಿಂದೆ ರಾತ್ರಿ ಕರೆಂಟ್ ಹೋಯಿತು. ಬ್ಯಾಟರಿ ಪಂಪ್ ಇಡೋಣ ಅಂತ ಮುಚ್ಚಳ ತೆಗೆದೆ, ಮತ್ತೆ ಹಾಕಲು ಮರೆತೆ. ಬೆಳಿಗ್ಗೆ ನೋಡಿದರೆ ಯಜಮಾನಿ ಸ್ಟ್ಯಾಂಡಿನ ಹಿಂದೆ ನೆಲದ ಮೇಲೆ. ತಪ್ಪು ನನ್ನದೇ, ಬೇರೆ ಯಾರನ್ನೂ ಬೈಯುವಂತಿಲ್ಲ.

ಒಂದು ಒಡೆದ ಮಂಗಳೂರು ಹಂಚಿನ ಚೂರನ್ನು ಒಳಗೆ ಇಟ್ಟಿದ್ದೆ. ಅದರ ಮೇಲೆ ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ ಮೊಟ್ಟೆ ಇಡುತ್ತಿದ್ದರು. ಕಾಯುವುದು, ರೆಕ್ಕೆಯಿಂದ ಗಾಳಿ ಹಾಕುವುದು, ಕೆಟ್ಟ ಮೊಟ್ಟೆ ಆರಿಸಿ ತೆಗೆಯುವುದು ಎಲ್ಲ ಪುಟ್ಟಸ್ವಾಮಿಯ ಕೆಲಸ. ಈಗ ಅವನು ಮೊದಲ ಎರಡು ದಿನ ಹಂಚಿನ ಹಿಂದೆ ಅಡಗಿ ಕುಳಿತ. ಮೂರನೇ ದಿನದಿಂದ ಅವಳ ಮೂಲೆಯಲ್ಲಿ ಅವನೇ. ಗಾಜು ಒರೆಸಲು ಕೈ ಹಾಕಿದರೆ ಬಂದು ಕಚ್ಚುತ್ತಾನೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಹೀಗೆ ಮಾಡಿದವನಲ್ಲ.

ಅಂಗಡಿಯವರು ಹೇಳಿದ್ದು: "ಯೋಚನೆ ಮಾಡಬೇಡಿ ಸರ್, ಹದಿನೈದು ದಿನದಲ್ಲಿ ಅದೇ ಹೆಣ್ಣಾಗುತ್ತೆ, ಹಾರ್ಮೋನ್ ಚೇಂಜ್." ನಮ್ಮ ಭಾವನ ಮಗ ಹೇಳಿದ್ದು: ಬೇಗ ಆಗಬೇಕಾದರೆ ನೀರಿಗೆ ಹಾರ್ಮೋನ್ ಹಾಕಬಹುದು. ಏಳನೇ ಕ್ಲಾಸಿನ ಮಗಳು ಕೇಳಿದಳು, "ಅಪ್ಪ, ಪುಟ್ಟಸ್ವಾಮಿಗೆ ಹೆಣ್ಣಾಗು ಅಂತ ಯಾರು ಹೇಳ್ತಾರೆ?" ಹಾರ್ಮೋನ್ ಹೇಳುತ್ತೆ ಅಂದೆ. "ಹಾರ್ಮೋನ್‌ಗೆ ಯಾರು ಹೇಳ್ತಾರೆ?" ನಾನು ಓದಿದ್ದು ಕಾಮರ್ಸ್. ಅಲ್ಲಿಗೆ ನನ್ನ ಬಂಡವಾಳ ಮುಗಿಯಿತು. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಗಂಗೊಳ್ಳಿ ಬದಿಯವ:

ಎಂತ ಮಾರಾಯ್ರೆ, ನಿಮ್ಮ ಕಡೆ ಮೀನಿಗೆ ಹೆಸರೂ ಇಡುತ್ತಾರಾ! ನಾವು ಮಸಾಲೆ ಹಚ್ಚಿ ಗೊತ್ತು ಅಷ್ಟೇ.

ತಮಾಷೆ ಬಿಡಿ. ಚಿಕ್ಕಂದಿನಿಂದ ಅಪ್ಪನ ಜೊತೆ ಮೀನು ಕತ್ತರಿಸಿದವ ನಾನು. ಮುರುಮೀನಿನ (ಇಂಗ್ಲಿಷಿನಲ್ಲಿ ಗ್ರೂಪರ್) ಹೊಟ್ಟೆ ಸೀಳಿದಾಗ ಎರಡು ಮೂರು ಕೆಜಿಯದರಲ್ಲಿ ಮೊಟ್ಟೆ ಸಿಗುತ್ತದೆ. ಹತ್ತು ಕೆಜಿ ದಾಟಿದ್ದರಲ್ಲಿ ಮೊಟ್ಟೆ ಕಂಡ ನೆನಪು ಕಡಿಮೆ, ಬರೀ ಬಿಳಿ ಹಾಲು, ಅಂದರೆ ಗಂಡಿನ ವೀರ್ಯ. "ದೊಡ್ಡದೆಲ್ಲ ಗಂಡೇ" ಅಂತ ಅಪ್ಪ ಹೇಳುತ್ತಿದ್ದರು. ಗಂಡು ಜಾಸ್ತಿ ಬೆಳೆಯುತ್ತದೆ ಅಂತ ನಾನು ತಿಳಿದದ್ದು. ಆಮೇಲೆ ಯಾರೋ ಹೇಳಿದರು, ಚಿಕ್ಕದಿರುವಾಗ ಎಲ್ಲ ಹೆಣ್ಣು, ದೊಡ್ಡದಾದ ಮೇಲೆ ಕೆಲವು ಗಂಡಾಗುತ್ತವೆ ಅಂತ. ಹಾಗಾದರೆ ನಿಮ್ಮ ಮೀನಿನದು ಉಲ್ಟಾ ಆಯಿತಲ್ಲ?

ತಾಯಿಮೀನು ಅಕ್ಕ:

ಮೂರಡಿ ಅವರೇ, ನಿಮ್ಮ ಮಗಳು ಕೇಳಿದ ಎರಡನೇ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹಲವರು ಇಡೀ ಜೀವನ ಕಳೆದಿದ್ದಾರೆ. ನಾನು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿ, ಪೂರ್ವ ಕರಾವಳಿಯ ಒಂದು ಹ್ಯಾಚರಿಯಲ್ಲಿ ಆರು ವರ್ಷ ಮುರುಮೀನಿನ ತಾಯಿಮೀನುಗಳನ್ನು ನೋಡಿಕೊಂಡವಳು. ಸ್ವಲ್ಪ ಉದ್ದ ಬರೆಯುತ್ತೇನೆ, ಕಾಫಿ ಇಟ್ಟುಕೊಂಡು ಕೂರಿ.

ಮೊದಲು ಎರಡು ಮಾತು. ಹದಿನೈದು ದಿನದಲ್ಲಿ ಆಗುವ ಕೆಲಸ ಅಲ್ಲ ಇದು. ಮತ್ತೆ, ನೀರಿಗೆ ಹಾರ್ಮೋನ್ ಖಂಡಿತ ಬೇಡ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಪುಟ್ಟಸ್ವಾಮಿಯ ಹೊಟ್ಟೆಯಲ್ಲಿ ಇರುವುದು ಬರೀ ವೃಷಣ ಅಲ್ಲ. ಕ್ಲೌನ್ ಗಂಡಿನ ಆ ಗ್ರಂಥಿಯಲ್ಲಿ ವೀರ್ಯ ತಯಾರಾಗುವ ಭಾಗದ ಜೊತೆಗೆ ಬಲಿಯದ ಅಂಡಗಳ ಭಾಗವೂ ಇರುತ್ತದೆ. ಸುಮ್ನೆ ಮಲಗಿರುತ್ತದೆ. ಹೆಣ್ಣಾಗುವುದು ಅಂದರೆ ಇಲ್ಲದ ಅಂಗವನ್ನು ಹೊಸದಾಗಿ ಕಟ್ಟುವುದಲ್ಲ, ಮಲಗಿದ್ದನ್ನು ಎಬ್ಬಿಸಿ ಎದ್ದಿದ್ದನ್ನು ಮಲಗಿಸುವುದು. ಒಮ್ಮೆ ಪೂರ್ತಿ ಹೆಣ್ಣಾದ ಮೇಲೆ ಗಂಡಿನ ಭಾಗ ಉಳಿಯುವುದಿಲ್ಲ. ಅದಕ್ಕೇ ಕ್ಲೌನ್ ಮೀನಿಗೆ ಹಿಂದಿರುಗುವ ದಾರಿ ಇಲ್ಲ. ಎರಡು ಬಲಿತ ಹೆಣ್ಣನ್ನು ಒಂದೇ ತೊಟ್ಟಿಗೆ ಬಿಟ್ಟರೆ ಕಚ್ಚಾಡಿ ಒಂದು ಸಾಯುವುದೂ ಉಂಟು.

ಇನ್ನು ಹಾರ್ಮೋನ್. ಗಂಡು ಹಾರ್ಮೋನ್ ಒಂದು ಡಬ್ಬಿಯಲ್ಲಿ, ಹೆಣ್ಣು ಹಾರ್ಮೋನ್ ಇನ್ನೊಂದು ಡಬ್ಬಿಯಲ್ಲಿ ಇದೆ ಅಂದುಕೊಳ್ಳುತ್ತೇವೆ ಅಲ್ವಾ? ಹಾಗಿಲ್ಲ. ಹಿಟ್ಟು ಒಂದೇ. ಅದೇ ಹಿಟ್ಟನ್ನು ಇಡ್ಲಿ ಪಾತ್ರೆಗೆ ಹಾಕಿದರೆ ಇಡ್ಲಿ, ಕಾವಲಿಗೆ ಹುಯ್ದರೆ ದೋಸೆ. ಇಲ್ಲಿ ಹಿಟ್ಟು ಅಂದರೆ ಟೆಸ್ಟೊಸ್ಟೆರಾನ್. ಇಡ್ಲಿ ಅಂದರೆ ಹೆಣ್ಣಿನ ಹಾರ್ಮೋನ್ ಎಸ್ಟ್ರಾಡಯಾಲ್. ದೋಸೆ ಅಂದರೆ 11-ಕೀಟೊಟೆಸ್ಟೊಸ್ಟೆರಾನ್. ಮೀನುಗಳಲ್ಲಿ ಗಂಡುತನದ ಮುಖ್ಯ ಹಾರ್ಮೋನ್ ಇದೇ, ನಮ್ಮ ಹಾಗೆ ಬರೀ ಟೆಸ್ಟೊಸ್ಟೆರಾನ್ ಅಲ್ಲ. ಇಡ್ಲಿ ಪಾತ್ರೆಯ ಹೆಸರು ಅರೋಮಟೇಸ್, ಅದೊಂದು ಕಿಣ್ವ.

ಇದನ್ನು ಜಪಾನಿನ ಒಕಿನಾವಾದಲ್ಲಿ ನೇರವಾಗಿ ಪರೀಕ್ಷೆ ಮಾಡಿದ್ದಾರೆ. ಅಲ್ಲಿನ ಹವಳದ ದಿಬ್ಬಗಳಲ್ಲಿ ಜೇನುಗೂಡಿನ ಹಾಗೆ ಚುಕ್ಕೆ ಇರುವ ಸಣ್ಣ ಮುರುಮೀನು ಇದೆ. ಅದರ ಹೆಣ್ಣುಗಳಿಗೆ ಫ್ಯಾಡ್ರೊಜೋಲ್ ಅನ್ನುವ ಔಷಧಿ ಕೊಟ್ಟರು. ಅದು ಮಾಡುವುದು ಇಷ್ಟೇ, ಇಡ್ಲಿ ಪಾತ್ರೆಗೆ ಬೀಗ ಹಾಕುತ್ತದೆ. ಎಸ್ಟ್ರಾಡಯಾಲ್ ಇಳಿಯಿತು, 11-ಕೀಟೊಟೆಸ್ಟೊಸ್ಟೆರಾನ್ ಏರಿತು, ಅಂಡಗಳು ಕರಗಿ ಅದೇ ಜಾಗದಲ್ಲಿ ವೃಷಣ ಬಂತು. ಗಂಡು ಹಾರ್ಮೋನ್ ಒಂದು ಹನಿಯೂ ಕೊಟ್ಟಿರಲಿಲ್ಲ, ನೋಡಿ. ಎಸ್ಟ್ರಾಡಯಾಲ್ ಇರುವುದರಿಂದಲೇ ಆ ಮೀನು ದಿನಾ ಹೆಣ್ಣಾಗಿ ಉಳಿದಿದೆ. ನಿಂತ ದಿನ ದಾರಿ ಬದಲು. ಪುಟ್ಟಸ್ವಾಮಿಯಲ್ಲಿ ಆಗಬೇಕಾದ್ದು ಇದರ ಉಲ್ಟಾ: ಅರೋಮಟೇಸ್ ಏರಬೇಕು, ದೋಸೆ ನಿಲ್ಲಬೇಕು.

ಸರಿ, ಪಾತ್ರೆ ಒಲೆ ಮೇಲೆ ಇಡುವವರು ಯಾರು? ಮಿದುಳು. ಮಿದುಳಿನ ಬುಡದಲ್ಲಿ ಪಿಟ್ಯುಟರಿ ಗ್ರಂಥಿ ಇದೆ. ಮಿದುಳು ಅದಕ್ಕೆ ಹೇಳುತ್ತದೆ, ಅದು ರಕ್ತದ ಮೂಲಕ ಹೊಟ್ಟೆಯ ಗ್ರಂಥಿಗೆ ಹೇಳುತ್ತದೆ. ನಮ್ಮಲ್ಲೂ ಇದೇ ಸಾಲು. ಮೀನಿನ ವಿಶೇಷ ಏನೆಂದರೆ ಮಿದುಳು ಹೊಟ್ಟೆಗಾಗಿ ಕಾಯುವುದಿಲ್ಲ. ಕೆರಿಬಿಯನ್ ಸಮುದ್ರದಲ್ಲಿ ನೀಲಿ ತಲೆಯ ರ‍್ಯಾಸ್ ಅನ್ನುವ ಮೀನಿದೆ. ಒಂದು ದೊಡ್ಡ ಗಂಡು, ಅದರ ಸುತ್ತ ಹಳದಿ ಹೆಣ್ಣುಗಳು. ಗಂಡನ್ನು ತೆಗೆದರೆ ಅತಿ ದೊಡ್ಡ ಹೆಣ್ಣು ಅದೇ ದಿನ, ಕೆಲವು ಸಲ ನಿಮಿಷಗಳಲ್ಲೇ, ಗಂಡಿನ ಹಾಗೆ ಅಟ್ಟಾಡಿಸಲು ಶುರು ಮಾಡುತ್ತದೆ. ಹೊಟ್ಟೆಯಲ್ಲಿ ವೀರ್ಯ ಬರಲು ಇನ್ನೂ ಎಂಟು ಹತ್ತು ದಿನ ಬೇಕು. 1996ರಲ್ಲಿ ಜಾನ್ ಗಾಡ್ವಿನ್ ಮತ್ತು ಜೊತೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೆಣ್ಣುಗಳ ಅಂಡಾಶಯವನ್ನೇ ತೆಗೆದು, ಆಮೇಲೆ ಗಂಡನ್ನು ದೂರ ಮಾಡಿದರು. ಹೊಟ್ಟೆಯಲ್ಲಿ ಏನೂ ಇಲ್ಲದ ಆ ಮೀನುಗಳೂ ಗಂಡಿನ ಹಾಗೆಯೇ ನಡೆದುಕೊಂಡವು!

ಹಾಗಾಗಿ ಮಗಳಿಗೆ ಹೇಳಿ: ಹಾರ್ಮೋನ್ ಬರೀ ಅಂಚೆಯವನು. ಕಾಗದ ಬರೆದದ್ದು ಮಿದುಳು. ಮಿದುಳಿಗೆ ಸುದ್ದಿ ಬಂದದ್ದು ಅಕ್ಕಪಕ್ಕದಿಂದ. ತನ್ನನ್ನು ಕಚ್ಚುವವರು ಯಾರೂ ಉಳಿದಿಲ್ಲ ಅಂತ ಪುಟ್ಟಸ್ವಾಮಿಗೆ ಮೂರನೇ ದಿನ ಗೊತ್ತಾಯಿತು. ನಿಮ್ಮ ಕೈ ಕಚ್ಚಿದ್ದು ಆ ಸುದ್ದಿಯೇ.

ಕ್ಲೌನ್ ಮೀನಿನಲ್ಲಿ ಇದು ಇನ್ನೂ ನಿಧಾನ. ಹೆಣ್ಣು ಹೋದರೆ ಗಂಡು ಹೆಣ್ಣಾಗುತ್ತದೆ, ಕೆಳಗಿನ ಮರಿಗಳಲ್ಲಿ ದೊಡ್ಡದು ಗಂಡಾಗುತ್ತದೆ ಅಂತ ಫ್ರಿಕೆ ದಂಪತಿ 1977ರಲ್ಲೇ ಬರೆದಿದ್ದರು. 2019ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ನಿಮ್ಮ ಮನೆಯಲ್ಲಿರುವ ಒಸೆಲ್ಲಾರಿಸ್ ಮೇಲೇ ಕೆಲಸ ಮಾಡಿದರು. ಎರಡೆರಡು ಗಂಡುಗಳನ್ನು ಜೊತೆಗೆ ಬಿಟ್ಟರು. ಒಂದು ಯಜಮಾನ ಆಯಿತು. ಮಿದುಳಿನಲ್ಲಿ ಸಂತಾನದ ಕೆಲಸ ನೋಡಿಕೊಳ್ಳುವ ಒಂದು ಚಿಕ್ಕ ಭಾಗ ಇದೆ, ಹೆಣ್ಣಿನಲ್ಲಿ ಅಲ್ಲಿ ನರಕೋಶಗಳು ಗಂಡಿಗಿಂತ ಜಾಸ್ತಿ. ಆರು ತಿಂಗಳಲ್ಲಿ ಯಜಮಾನನ ಆ ಭಾಗ ಹೆಣ್ಣಿನಷ್ಟೇ ಆಗಿತ್ತು. ಹೊಟ್ಟೆಯಲ್ಲಿ ಮಾತ್ರ ಇನ್ನೂ ಗಂಡು. ಮೊಟ್ಟೆಗೆ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಕಾಯಬೇಕು.

ಈಗ ನೀರಿಗೆ ಹಾರ್ಮೋನ್ ಯಾಕೆ ಬೇಡ ಅಂತ. ಹ್ಯಾಚರಿಯಲ್ಲಿ ನಮಗೆ ಗಂಡು ಮುರುಮೀನು ಸಿಗುತ್ತಿರಲಿಲ್ಲ. ಎಲ್ಲ ನಾಲ್ಕೈದು ಕೆಜಿಯ ಹೆಣ್ಣುಗಳು. ಮೂರು ಹೆಣ್ಣಿಗೆ ಬೂತಾಯಿ ಮೀನಿನ ಹೊಟ್ಟೆಯೊಳಗೆ ಮೀಥೈಲ್ ಟೆಸ್ಟೊಸ್ಟೆರಾನ್ ಅನ್ನುವ ಕೃತಕ ಗಂಡು ಹಾರ್ಮೋನಿನ ಮಾತ್ರೆ ಇಟ್ಟು ತಿನ್ನಿಸಿದೆವು. ಎರಡು ತಿಂಗಳು ದಾಟಿದ ಮೇಲೆ ಹೊಟ್ಟೆ ಒತ್ತಿದರೆ ಬಿಳಿ ಹಾಲು ಬಂತು. ನಾವೆಲ್ಲ ಸ್ವೀಟ್ ಹಂಚಿದೆವು. ಮಾತ್ರೆ ನಿಲ್ಲಿಸಿದೆವು. ಮುಂದಿನ ಸೀಸನ್ನಿಗೆ ಸಣ್ಣ ಕೊಳವೆ ಹಾಕಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡರಲ್ಲಿ ದುಂಡಗೆ ಮೊಟ್ಟೆ. ಮತ್ತೆ ಹೆಣ್ಣು! ಹೊರಗಿನಿಂದ ನಾವು ದೋಸೆ ತಿನ್ನಿಸಿದ್ದೆವು, ಅಡುಗೆಮನೆಯಲ್ಲಿ ಇಡ್ಲಿ ಪಾತ್ರೆ ಇದ್ದಲ್ಲೇ ಇತ್ತು. ತರಬೇತಿ ಇದ್ದ ನಮ್ಮದೇ ಗತಿ ಹೀಗೆ. ಮನೆಯ ತೊಟ್ಟಿಯಲ್ಲಿ ಅಳತೆ ಇಲ್ಲದೆ ಹಾಕಿದರೆ ಮೀನು ಹಾಳು, ನೀರೂ ಹಾಳು, ಅದರಲ್ಲಿ ಕೈ ಅದ್ದುವ ನಿಮಗೂ ಒಳ್ಳೆಯದಲ್ಲ.

ಮಾಡಬೇಕಾದ್ದು ಒಂದೇ. ಎರಡು ಮೂರು ಸೆಂಟಿಮೀಟರಿನ ಮರಿಯೊಂದನ್ನು ತನ್ನಿ. ಪುಟ್ಟಸ್ವಾಮಿಗಿಂತ ಸ್ಪಷ್ಟವಾಗಿ ಚಿಕ್ಕದಿರಲಿ. ಅಂಗಡಿಯವರು "ದೊಡ್ಡ ಹೆಣ್ಣೇ ಇದೆ" ಅಂದರೆ ತರಬೇಡಿ. ಪುಟ್ಟಸ್ವಾಮಿ ಬದಲಾಗಲು ಹೊರಟ ಮೇಲೆ ಅವಳು ಬಂದರೆ ಯುದ್ಧ. ಮತ್ತೆ, ಮುಚ್ಚಳ ಹಾಕಿ.

ಗಂಗೊಳ್ಳಿಯವರೇ, ಉಲ್ಟಾ ಯಾಕೆ ಅಂದರೆ ಲೆಕ್ಕಾಚಾರ. ಕ್ಲೌನ್ ಮೀನು ವಾಸ ಮಾಡುವ ಒಂದು ಸಮುದ್ರ ಹೂವಿನಲ್ಲಿ (ಅನಿಮೋನ್) ಒಂದೇ ಜೋಡಿ. ತಾಯಿ ದೊಡ್ಡದಿದ್ದಷ್ಟೂ ಮೊಟ್ಟೆ ಜಾಸ್ತಿ, ಅಪ್ಪ ಚಿಕ್ಕದಿದ್ದರೂ ನಡೆಯುತ್ತದೆ. ಮುರುಮೀನು, ರ‍್ಯಾಸ್ ಇವುಗಳಲ್ಲಿ ದೊಡ್ಡ ಗಂಡು ಹಲವು ಹೆಣ್ಣುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಚಿಕ್ಕ ಗಂಡಿಗೆ ಅವಕಾಶ ಕಡಿಮೆ. ದೊಡ್ಡದಾದಾಗ ಯಾವ ಪಾತ್ರದಿಂದ ಲಾಭ ಜಾಸ್ತಿಯೋ ಅದನ್ನು ಕೊನೆಗೆ ಇಟ್ಟುಕೊಂಡಿವೆ. ಗಿಸೆಲಿನ್ ಅನ್ನುವವರು 1969ರಲ್ಲಿ ಹೇಳಿದ್ದು ಇದು. ನಿಮ್ಮ ಅಪ್ಪ ಹೇಳಿದ ಮಾತಿಗೆ ಇನ್ನೊಂದು ಮುಖವೂ ಇದೆ. ಬಲೆಗೂ ಗಾಳಕ್ಕೂ ದೊಡ್ಡದೇ ಬೇಕು, ದೊಡ್ಡದೆಲ್ಲ ಗಂಡು. ಮೆಕ್ಸಿಕೋ ಕೊಲ್ಲಿಯ ಗ್ಯಾಗ್ ಮುರುಮೀನಿನಲ್ಲಿ 1970ರ ದಶಕದಲ್ಲಿ ನೂರಕ್ಕೆ ಸುಮಾರು 17 ಗಂಡು ಇದ್ದವು, 1990ರ ದಶಕಕ್ಕೆ ಸುಮಾರು 2 ಆಗಿತ್ತು.

ಗಂಗೊಳ್ಳಿ ಬದಿಯವ:

ಅಕ್ಕ, ಇದನ್ನು ಅಪ್ಪನಿಗೆ ಓದಿ ಹೇಳಿದೆ. "ನಾನು ಹೇಳಿದ್ದು ಸರಿಯಲ್ಲವಾ" ಅಂದರು, ಅಷ್ಟೇ.

ಡೌಟ್ ಮೇಷ್ಟ್ರು (ಪಿಯು ಜೀವಶಾಸ್ತ್ರ):

ಇಡ್ಲಿ ದೋಸೆ ಚೆನ್ನಾಗಿದೆ ಮೇಡಂ, ನಾಳೆ ಕ್ಲಾಸಿನಲ್ಲಿ ಕದಿಯುತ್ತೇನೆ. ಆದರೆ ಒಂದು ಕೊಕ್ಕೆ. ಮಿದುಳಿನಿಂದ ಹೊಟ್ಟೆಗೆ ಸುದ್ದಿ ಹೋಗುವುದು ಪಿಟ್ಯುಟರಿಯಿಂದ ಮಾತ್ರ ಅಲ್ಲವಲ್ಲ. ಕಾರ್ಟಿಸಾಲ್ ಇದೆ, ಒತ್ತಡದ ಹಾರ್ಮೋನ್. ಗಂಡು ಮೀನಿನ ದೋಸೆ ಕಾವಲಿ, ಅಂದರೆ 11-ಕೀಟೊಟೆಸ್ಟೊಸ್ಟೆರಾನ್ ಮಾಡುವ ಕಿಣ್ವಗಳಲ್ಲಿ ಒಂದು, ಕಾರ್ಟಿಸಾಲನ್ನು ತಣ್ಣಗೆ ಮಾಡುವ ಕಿಣ್ವವೂ ಹೌದು. ರ‍್ಯಾಸ್ ಗುಂಪಿನಲ್ಲಿ ಗಂಡು ಕಾಣೆಯಾದ ಗಲಾಟೆಯಲ್ಲಿ ಕಾರ್ಟಿಸಾಲ್ ಏರಿದರೆ ಕಾವಲಿಯೂ ಬಿಸಿಯಾಗುತ್ತದೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ತಂಡ 2019ರಲ್ಲಿ ನೀಲಿ ತಲೆಯ ರ‍್ಯಾಸ್ ಬಗ್ಗೆ ಬರೆದಾಗ ಒತ್ತಡವನ್ನೇ ಮೊದಲ ಕಿಡಿ ಅಂತ ಮುಂದಿಟ್ಟಿದೆ. ಆದರೆ ಒತ್ತಡದಿಂದ ಗಂಡಾಗುವುದು ಸರಿ, ಪುಟ್ಟಸ್ವಾಮಿಗೂ ಒತ್ತಡವೇ, ಅವನು ಹೆಣ್ಣಾಗುವುದು ಹೇಗೆ?

ತಾಯಿಮೀನು ಅಕ್ಕ:

ಮೇಷ್ಟ್ರೇ, ಸಿಕ್ಕಿಬಿದ್ದೆ. ಒಪ್ಪುತ್ತೇನೆ. ಒಂದೇ ಬೀಗದ ಕೈ ಎಲ್ಲ ಬಾಗಿಲಿಗೂ ಆಗುವುದಿಲ್ಲ. ಲಿಂಗ ಬದಲಿಸುವ ಮೀನುಗಳು ಒಂದೇ ಮನೆತನದವಲ್ಲ, ಬೇರೆ ಬೇರೆ ಕುಲಗಳಲ್ಲಿ ಈ ಅಭ್ಯಾಸ ಬೇರೆ ಬೇರೆ ಸಲ ಹುಟ್ಟಿದೆ. ಹಿಟ್ಟು, ಪಾತ್ರೆ, ಕಾವಲಿ ಎಲ್ಲ ಕಡೆ ಒಂದೇ. ಒಲೆ ಹಚ್ಚುವ ರೀತಿ ಬೇರೆ. ರ‍್ಯಾಸ್‌ಗೆ ಹೊಂದಿದ್ದನ್ನು ಕ್ಲೌನ್‌ಗೆ ಅಂಟಿಸಬಾರದು.

ಇನ್ನೊಂದು ಹೇಳುತ್ತೇನೆ, ನಿಮಗೆ ಇಷ್ಟವಾಗಬಹುದು. ಅದೇ ಒಕಿನಾವಾ ಸಮುದ್ರದಲ್ಲಿ ಟ್ರಿಮ್ಮಾ ಅನ್ನುವ ಬೆರಳುಗಾತ್ರಕ್ಕೂ ಚಿಕ್ಕ ಗೋಬಿ ಮೀನಿದೆ. ಅದು ಎರಡೂ ಕಡೆಗೆ ಹೋಗುತ್ತದೆ. ಗುಂಪಿನಲ್ಲಿ ದೊಡ್ಡದಾದರೆ ಗಂಡು, ಇನ್ನೂ ದೊಡ್ಡದು ಬಂದರೆ ಮತ್ತೆ ಹೆಣ್ಣು. ಕೆಲವೇ ದಿನಗಳಲ್ಲಿ. ಅಂಡಾಶಯ, ವೃಷಣ ಎರಡನ್ನೂ ಸದಾ ಇಟ್ಟುಕೊಂಡಿರುತ್ತದೆ. ಪಿಟ್ಯುಟರಿ ಕಳಿಸುವ ಕಾಗದವನ್ನು ತೆಗೆದುಕೊಳ್ಳುವ ಡಬ್ಬಿಯನ್ನು ಮಾತ್ರ ಒಂದರಿಂದ ಇನ್ನೊಂದಕ್ಕೆ ಬದಲಿಸುತ್ತದೆ. ಕಟ್ಟಡ ಕೆಡವುವುದಿಲ್ಲ, ಅದಕ್ಕೇ ಅಷ್ಟು ಬೇಗ.

ಭದ್ರಾ ನಾಲೆ:

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಕೆರೆಯಲ್ಲಿ ಸಿಗುವ ಜಿಲೇಬಿ ಮೀನಿಗೂ ಸಾಕುವವರು ಹಾರ್ಮೋನ್ ಕೊಟ್ಟು ಗಂಡು ಮಾಡುತ್ತಾರಂತೆ. ಅದೂ ಇದೇ ಕಥೆನಾ? ಅದು ಯಾಕೆ ವಾಪಸ್ ಹೆಣ್ಣಾಗುವುದಿಲ್ಲ?

ತಾಯಿಮೀನು ಅಕ್ಕ:

ಬೇರೆ ಕಥೆ ಅಣ್ಣ. ಜಿಲೇಬಿ ದ್ವಿಲಿಂಗಿ ಅಲ್ಲ. ಗಂಡಾದರೆ ಗಂಡು, ಹೆಣ್ಣಾದರೆ ಹೆಣ್ಣು, ಜೀವನಪೂರ್ತಿ. ಆದರೆ ಮೊಟ್ಟೆಯೊಡೆದು ಬಂದ ಮೊದಲ ಕೆಲವು ವಾರ ಅದರ ಗ್ರಂಥಿ ಇನ್ನೂ ನಿರ್ಧಾರ ಮಾಡಿರುವುದಿಲ್ಲ. ಆ ಮೂರು ನಾಲ್ಕು ವಾರ ಮಾತ್ರ ಒಂದು ಕೆಜಿ ಆಹಾರಕ್ಕೆ ಸಾಮಾನ್ಯವಾಗಿ 60 ಮಿಲಿಗ್ರಾಂ ಮೀಥೈಲ್ ಟೆಸ್ಟೊಸ್ಟೆರಾನ್ ಬೆರೆಸಿ ಕೊಡುತ್ತಾರೆ. ಹಸಿ ಗೋಡೆಯ ಮೇಲೆ ಗೀಚಿದ ಹಾಗೆ, ಒಣಗಿದ ಮೇಲೆ ಹಾಗೇ ಉಳಿಯುತ್ತದೆ. ನನ್ನ ಮುರುಮೀನುಗಳ ಗೋಡೆ ಯಾವತ್ತೂ ಒಣಗುವುದೇ ಇಲ್ಲ, ಅದೇ ವ್ಯತ್ಯಾಸ. ಎಲ್ಲ ಗಂಡು ಯಾಕೆ ಅಂದರೆ, ಹೆಣ್ಣು ಇದ್ದರೆ ಕೊಳದ ತುಂಬ ಮರಿ ಆಗಿ ಒಂದೂ ತೂಕ ಬರುವುದಿಲ್ಲ.

ಮೂರಡಿ ಸಮುದ್ರ (ಐದು ತಿಂಗಳ ನಂತರ):

ಅಕ್ಕ, ವರದಿ ಒಪ್ಪಿಸಲು ಬಂದಿದ್ದೇನೆ. ನೀವು ಹೇಳಿದ ವಾರವೇ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಮರಿ ತಂದೆವು. ಹೆಸರು ಕಡ್ಲೆಬೀಜ. ಮೊದಲ ವಾರ ಪುಟ್ಟಸ್ವಾಮಿ ಅದನ್ನು ಮೂಲೆ ಮೂಲೆಗೆ ಅಟ್ಟಿದ. ಈಗ ಅವನು ಹತ್ತಿರ ಬಂದರೆ ಕಡ್ಲೆಬೀಜ ಪಕ್ಕಕ್ಕೆ ವಾಲಿ ಮೈ ನಡುಗಿಸುತ್ತದೆ. ಯಜಮಾನಿಯ ಮುಂದೆ ಪುಟ್ಟಸ್ವಾಮಿ ಮಾಡುತ್ತಿದ್ದದ್ದು ಇದೇ, ನಡುಕ ಸಹಿತ. ಅವನು ಕಲಿಸಿಕೊಟ್ಟನೋ ಅನ್ನುವ ಹಾಗಿದೆ.

ಪುಟ್ಟಸ್ವಾಮಿ ಬೆಳೆದಿದ್ದಾನೆ. ಗಾಜಿಗೆ ಸ್ಕೇಲ್ ಹಿಡಿದು ಅಳೆಯುತ್ತೇವೆ, ಐದೂವರೆ ಸೆಂಟಿಮೀಟರ್ ಇದ್ದವನು ಆರೂವರೆ ದಾಟಿದ್ದಾನೆ. ಹಂಚು ಉಜ್ಜಿ ಶುಚಿ ಮಾಡುವುದನ್ನು ಪೂರ್ತಿ ಬಿಟ್ಟಿದ್ದಾನೆ. ಮೊಟ್ಟೆ ಇಲ್ಲ. ನಿಮ್ಮ ಲೆಕ್ಕದ ಪ್ರಕಾರ ಮಿದುಳಿನ ಕೆಲಸ ಮುಗಿಯುತ್ತಾ ಬಂದಿರಬೇಕು, ಹೊಟ್ಟೆಯದು ಬಾಕಿ.

ಹೆಸರು ಬದಲಿಸೋಣವಾ ಅಂತ ಮಗಳನ್ನು ಕೇಳಿದೆ. ಮೊಟ್ಟೆ ಇಡಲಿ, ಆಮೇಲೆ ನೋಡೋಣ ಅಂದಳು. ಅಂಗಡಿಯವರು ಪ್ರತಿ ಸಲ ಉಪ್ಪು ತರಲು ಹೋದಾಗ "ಆಯ್ತಾ ಸರ್?" ಅನ್ನುತ್ತಾರೆ. ಒಂದು ಸಣ್ಣ ಪ್ರಶ್ನೆ: ಕಡ್ಲೆಬೀಜ ನಿನ್ನೆ ಹಂಚಿನ ಹತ್ತಿರ ಹೋಗಿ ಬಾಯಿಂದ ಒಂದೆರಡು ಸಲ ಕುಕ್ಕಿತು. ಅದು ಶುಚಿ ಮಾಡುವುದಾ, ಅಥವಾ ಪಾಚಿ ತಿನ್ನುವುದಾ?

ತಾಯಿಮೀನು ಅಕ್ಕ:

ಒಂದೆರಡು ಸಲ ಆದರೆ ಪಾಚಿ. ದಿನಾ ಒಂದೇ ಜಾಗ ಕುಕ್ಕಿದರೆ ಇಲ್ಲಿ ಬರೆಯಿರಿ.